ಒಗೆಯುವ ಕಲ್ಲಿನ ಮೇಲೆ ನಾನು ಕಂಡ ಸಮುದ್ರ

ಕಲ್ಲು ಓದುವವನು ಸಿಕ್ಕರೆ ಜನ ಏನಾದರೊಂದು ಕೇಳಿಯೇ ಕೇಳುತ್ತಾರೆ, ಅವರು ಕೇಳಿದ್ದಕ್ಕೆ ಮಾತ್ರ ನನ್ನ ಬಳಿ ಉತ್ತರ ಇರುವುದಿಲ್ಲ. ಗದಗಿನ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದಷ್ಟು ವರ್ಷವೂ ಇದೇ ಆಯಿತು.

೧. ಹಳೆಯ ಮಳೆ

ಕೊರ್ಲಹಳ್ಳಿಯ ಚಹಾದಂಗಡಿಯಲ್ಲಿ ಪಕ್ಕದಲ್ಲಿದ್ದ ರೈತನೊಬ್ಬ ನನ್ನ ಚೀಲದಿಂದ ಇಣುಕುತ್ತಿದ್ದ ಕೆಂಪು ಕಲ್ಲಿನ ಚೂರು ಎತ್ತಿಕೊಂಡು, "ಇದರಾಗ ಏನೈತ್ರಿ?" ಎಂದ. ಬಾದಾಮಿ ಕಡೆಯ ಮರಳುಗಲ್ಲು, ಕಣಕಣಕ್ಕೂ ಕಬ್ಬಿಣದ ತುಕ್ಕು ಹತ್ತಿ ಕೆಂಪಾಗಿದೆ, ಕೋಟಿಗಟ್ಟಲೆ ವರ್ಷಗಳ ಹಿಂದೆ ಮಳೆ ಬಿಸಿಲು ಹೇಗಿದ್ದವೆಂದು ಇದು ಹೇಳುತ್ತದೆ ಎಂದೆ. ಆತ ಗಂಭೀರವಾಗಿ ಕೇಳಿಸಿಕೊಂಡ.

"ಹಂಗಾರ ಈ ವಾರ ಮಳಿ ಬರತೈತೇನ್ರಿ? ಹೆಸರು ಬಿತ್ತಬೇಕಂತ ಮಾಡೀನಿ."

ಗೊತ್ತಿಲ್ಲ ಎಂದೆ.

"ಇರ್ಲಿ ಬಿಡ್ರಿ. ನಮ್ಮಪ್ಪನೂ ಹಂಗ ಅದಾನ. ಸಣ್ಣಾಂವಿದ್ದಾಗಿನ ಮಳಿ ಎಲ್ಲಾ ಹೇಳತಾನ, ಮುಂಜಾನಿ ಉಂಡದ್ದು ನೆನಪಿರೂದಿಲ್ಲ."

೨. ಕೊಡದ ಕಲ್ಲು

ಬೆಳ್ಳಟ್ಟಿಯ ಅಜ್ಜಿಯೊಬ್ಬರ ಹಿತ್ತಲಲ್ಲಿ ಬಟ್ಟೆ ಒಗೆಯುವ ಚಪ್ಪಡಿ ಕಂಡ ದಿನ ನನಗೆ ಊಟ ಸೇರಲಿಲ್ಲ. ಅವರ ಅತ್ತೆಯ ಕಾಲದಲ್ಲಿ ಬಾದಾಮಿ ಕಡೆಯಿಂದ ಚಕ್ಕಡಿಯಲ್ಲಿ ಬಂದ ಕೆಂಪು ಕಲ್ಲು. ಮೈತುಂಬ ಸಾಲುಸಾಲು ಅಲೆಯ ಗೆರೆ. ಆಳವಿಲ್ಲದ ಸಮುದ್ರ, ಒಂದೇ ದಿಕ್ಕಿನಿಂದ ಬೀಸುವ ಗಾಳಿ, ಎಲ್ಲವೂ ನನ್ನ ಕಣ್ಣಿಗೆ ಕಟ್ಟಿದವು. ನಮ್ಮ ವಿಭಾಗಕ್ಕೆ ಕೊಡಿ, ನಾನು ಹೋದ ಮೇಲೂ ಮಕ್ಕಳು ನೋಡಿ ಕಲಿಯಲಿ ಎಂದು ಕೈಮುಗಿದೆ.

"ಕೊಡತೇನ್ರಿ," ಎಂದರು ಅಜ್ಜಿ. "ನಾಳಿಂದ ಅರಿವಿ ನಿಮ್ಮ ತೆಲಿ ಮ್ಯಾಲ ಒಗೀಲೇನು?"

೩. ಪ್ರಾಯೋಗಿಕ ತರಗತಿ

ಕಲ್ಲು ಬರಲಿಲ್ಲವೆಂದು ಮಕ್ಕಳನ್ನೇ ಅಲ್ಲಿಗೆ ಕರೆದೊಯ್ದೆ. ಪ್ರತಿ ವರ್ಷವೂ ಹಿತ್ತಲಲ್ಲಿ ನಿಂತು ಆ ಗೆರೆಗಳ ಮೇಲೆ ಬೆರಳಾಡಿಸುತ್ತ ಸಮುದ್ರದ ಪಾಠ ಹೇಳುತ್ತಿದ್ದೆ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಕೇಳುತ್ತಿದ್ದರು. ಮುಗಿದ ಕೂಡಲೇ, "ಆತೇನ್ರಿ? ಹಂಗಾರ ಈ ಕೌದಿ ಹಿಂಡಿಕೊಟ್ಟ ಹೋಗ್ರಿ" ಎನ್ನುವರು. ಹಳೆ ಸೀರೆಗಳ ಪದರ ಹೊಲಿದ ಕೌದಿ ನೆನೆದರೆ ಎಮ್ಮೆಕರುವಿನಷ್ಟು ಭಾರ.

ಒಂದು ವರ್ಷ ಪರೀಕ್ಷೆಯಲ್ಲಿ, ಹೊರಗೆ ಹೋಗಿ ಕಲಿತದ್ದೇನು ಎಂಬ ಪ್ರಶ್ನೆಗೆ ಒಬ್ಬ ಹೀಗೆ ಬರೆದಿದ್ದ: ಕೌದಿಯನ್ನು ಇಬ್ಬರೂ ಒಂದೇ ಕಡೆಗೆ ತಿರುವಬಾರದು. ಅದರಲ್ಲಿ ತಪ್ಪೇನೂ ಕಾಣದೆ ಅಂಕ ಕೊಟ್ಟೆ.

೪. ಕಲ್ಲು ಮಗುಚಿದ್ದು

ನಿವೃತ್ತಿಗೆ ಒಂದು ತಿಂಗಳಿರುವಾಗ ಕೊನೆಯ ಸಲ ಕೇಳಿ ನೋಡೋಣವೆಂದು ಒಬ್ಬನೇ ಹೋದೆ. ಮನೆಗೆ ಬಟ್ಟೆ ಒಗೆಯುವ ಮಷಿನ್ ಬಂದಿತ್ತು.

"ಒಯ್ರಿ ಮಾಸ್ತರ್ರ," ಎಂದರು ಅಜ್ಜಿ. "ಆದರ ಒಂದ ಮಾತು. ಆ ಗೆರಿ ಸಮುದ್ರದ್ದಲ್ರಿ. ಅರಿವಿ ಜಾರತಾವಂತ ನಮ್ಮತ್ತಿ ಬೀಸುಕಲ್ಲಿಗೆ ಉಳಿ ಹೊಡ್ಯಾಕಿ ಕಡಿಂದ ಹೊಡಿಸಿದ್ದು."

ಒಗೆದೊಗೆದು ಅಂಚು ಸವೆದು, ಉಳಿಯೇಟಿನ ಗುರುತು ಅಳಿಸಿ ಗೆರೆಯಷ್ಟೇ ಉಳಿದಿತ್ತು. ಎಷ್ಟು ಮಕ್ಕಳಿಗೆ ಸುಳ್ಳು ಹೇಳಿದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿದೆ.

"ಇಷ್ಟು ವರ್ಷ ಯಾಕ ಹೇಳಲಿಲ್ಲ ಯವ್ವಾ?"

"ಹುಡುಗೂರ ಮುಂದ ನಿಮ್ಮ ಮಾನ ಹೋಗಬಾರ್ದಂತ."

ಸುಮ್ಮನೆ ಕಲ್ಲು ಒಯ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮರುದಿನ ಮಕ್ಕಳನ್ನೆಲ್ಲ ಅಲ್ಲಿಗೇ ಕರೆದೊಯ್ದು, ನಾನು ಹೇಳಿದ್ದು ತಪ್ಪು, ಇವು ಉಳಿಯ ಗೆರೆ ಎಂದೆ. ಒಬ್ಬರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಅಡಿಯ ಮೈಯಾದರೂ ನೋಡೋಣವೆಂದು ನಾಲ್ವರು ಹಾರೆ ಹಾಕಿ ಕಲ್ಲನ್ನು ಮಗುಚಿದರು.

ಯಾವ ಉಳಿಯೂ ಮುಟ್ಟದ ಆ ಮೈಮೇಲೆ ಬಲೆ ಹರಡಿದ ಹಾಗೆ ಉಬ್ಬುಗೆರೆಗಳಿದ್ದವು. ಒಣಗಿ ಬಿರಿದ ಕೆಸರಿನ ಸೀಳುಗಳಲ್ಲಿ ಮರಳು ತುಂಬಿ ಕಲ್ಲಾದ ಗುರುತು. ಮಂಡಿಯೂರಿ ಕೂತು ಅದರ ಮೇಲೆ ಬೆರಳಾಡಿಸಿದೆ.

"ಇದನ್ನ ನಾವು ಹೊಡಿಸಿಲ್ರಿ," ಎಂದು ಅಜ್ಜಿ ಬಗ್ಗಿ ನೋಡಿದರು. "ಏನಂತೈತಿ?"

"ಇಲ್ಲಿ ನೀರಿತ್ತು ಯವ್ವಾ. ಬತ್ತಿತು. ಬಿಸಿಲಿಗೆ ಕೆಸರು ಬಿರೀತು. ಆಮ್ಯಾಲ ಮತ್ತ ನೀರು ಬಂತು, ಮರಳು ತಂತು."

"ಮತ್ತ ಬಂತಾ? ಎಷ್ಟ ದಿನಕ್ಕ?"

"ಅದನ್ನ ಕಲ್ಲು ಹೇಳೂದಿಲ್ಲ."

ಅಜ್ಜಿ ನಿಟ್ಟುಸಿರು ಬಿಟ್ಟರು. "ನಮ್ಮೂರಾಗ ನಳದ ನೀರು ಬಿಡಾಂವನೂ ಹೇಳೂದಿಲ್ರಿ."