ಒಂದೇ ಸಾಲಿನ ಮಾವ

ನಮ್ಮ ಸೋದರಮಾವನಂಥ ಜಿಪುಣರನ್ನು ನೀವು ಎಲ್ಲೂ ನೋಡಿರಲಾರಿರಿ. ದುಡ್ಡಿನ ವಿಷಯ ಹೇಳುತ್ತಿಲ್ಲ, ಮಾತಿನ ವಿಷಯ! "ಊಟ ಆಯ್ತಾ?" ಎಂದರೆ "ಆಯ್ತು" ಅನ್ನುವುದೂ ದುಂದು ಎಂದುಕೊಂಡು ತಲೆಯಾಡಿಸಿ ಸುಮ್ಮನಾಗುತ್ತಿದ್ದರು.

ಕಾರಣವಿತ್ತು. ಮಾವನಿಗೆ ಉಗ್ಗು. ಅದಕ್ಕಿಂತ ದೊಡ್ಡ ತೊಂದರೆ ನಾವು. ಅವರು ಮೊದಲ ಅಕ್ಷರದ ಜೊತೆ ಗುದ್ದಾಡುತ್ತಿರುವಾಗಲೇ ಮನೆಯವರೆಲ್ಲ ಸೇರಿ ಮಿಕ್ಕ ಮಾತನ್ನು ಮುಗಿಸಿಬಿಡುತ್ತಿದ್ದೆವು. ಅದರಲ್ಲೂ 'ಮ' ಅವರಿಗೆ ಕಬ್ಬಿಣದ ಕಡಲೆ. ಹೀಗಾಗಿ ಮಸಾಲೆ ದೋಸೆ ಎಂದರೆ ಪ್ರಾಣ ಬಿಡುವ ಮನುಷ್ಯ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಇಡ್ಲಿ ತಿಂದರು! ಹೆಣ್ಣು ನೋಡಲು ಹೋದ ನಾಲ್ಕು ಮನೆಗಳಲ್ಲೂ ಹುಡುಗಿ ಕೇಳಿದ್ದಕ್ಕೆಲ್ಲ ನಮ್ಮಮ್ಮನೇ ಉತ್ತರ ಕೊಟ್ಟರು. ಐದನೆಯ ಮನೆಗೆ ಹೊರಡೋಣ ಎಂದಾಗ ಮಾವ "ಬೇಡ" ಎಂದರು. ಅಲ್ಲಿಗೆ ಮದುವೆಯ ಸುದ್ದಿ ನಿಂತುಹೋಯಿತು.

ಇಂಥವರು ತೊಂಬತ್ತರ ದಶಕದಲ್ಲಿ ಚಾಮರಾಜಪುರಂನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಮೇಷ್ಟ್ರಾದರು ಎಂದರೆ ನಂಬುತ್ತೀರಾ? ಅಲ್ಲಿ ಕಲಿಯಲು ಸೇರಿದ್ದ ನಾನೇ ಸಾಕ್ಷಿ. ಪಾಠವೆಲ್ಲ ಬೋರ್ಡಿನ ಮೇಲೆ, ಬಾಯಿಗೆ ರಜೆ. ಯಾವ ಕಂಪ್ಯೂಟರ್ ಭಾಷೆ ಸಿಕ್ಕರೂ ಅದಕ್ಕೆ ಮಾವ ಕೊಡುತ್ತಿದ್ದ ಕೆಲಸ ಒಂದೇ: ಹತ್ತು ಹೆಸರುಗಳನ್ನು ಎಬಿಸಿಡಿ ಪ್ರಕಾರ ಜೋಡಿಸಬೇಕು. ಯಾವ ಭಾಷೆಗೆ ಎಷ್ಟು ಸಾಲಿನ ಪ್ರೋಗ್ರಾಮು ಬೇಕಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಪ್ಯಾಸ್ಕಲ್‌ಗೆ ಇಪ್ಪತ್ತೈದು, ಬೇಸಿಕ್‌ಗೆ ಹದಿನೆಂಟು, ಸಿ ಭಾಷೆಗೆ ಹದಿನಾಲ್ಕು. ಒಂದು ಸಾಲು ಉಳಿಸಿದ ದಿನ ಅವರ ಮುಖ ನೋಡಬೇಕಿತ್ತು.

ಕೋಬಾಲ್‌ಗೆ ಮಾತ್ರ ಅರವತ್ತೆರಡು! ಅದನ್ನು ಕಲಿಸುತ್ತಿದ್ದವರು ಸಿದ್ಧಾರ್ಥನಗರದಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ ಮೇಡಂ. ಕೋಬಾಲ್ ಎಂದರೆ ಮದುವೆಯ ಕರೆಯೋಲೆ ಇದ್ದಂತೆ. ಮೊದಲು ಪ್ರೋಗ್ರಾಮಿನ ಹೆಸರು, ಆಮೇಲೆ ಯಾವ ಕಂಪ್ಯೂಟರು, ಆಮೇಲೆ ಏನೇನು ಮಾಹಿತಿ. ಇಷ್ಟೆಲ್ಲ ಉಪಚಾರ ಆದಮೇಲೆ ಕೆಲಸ. ಪ್ರತಿ ವಾಕ್ಯ ಮುಗಿದಾಗಲೂ ಒಂದು ಚುಕ್ಕೆ ಇಡಬೇಕು. ಮಾವ ಒಂದು ಚೀಟಿಯಲ್ಲಿ "62?" ಎಂದು ಬರೆದು ಅವರ ಮೇಜಿನ ಮೇಲಿಟ್ಟರು. ಮೇಡಂ ನಕ್ಕು, ಓದುವವರಿಗೆ ಅರ್ಥವಾಗಬೇಕಲ್ಲ, ನಮಗೇನು ಅವಸರ ಎಂದರು.

ಈ ಚೀಟಿ ಜಗಳ ಎರಡು ವರ್ಷ ನಡೆಯಿತು. ಆಮೇಲೆ ಮಾವನಿಗೆ ಪರ್ಲ್ ಎಂಬ ಭಾಷೆ ಸಿಕ್ಕಿತು. ಹತ್ತು ಹೆಸರಿರಲಿ, ಸಾವಿರ ಕೊಟ್ಟರೂ ಒಂದೇ ಸಾಲು! "1" ಎಂದು ಬರೆದ ಗೆಲುವಿನ ಚೀಟಿ ಹಿಡಿದು ಮಾವ ಮೇಡಂ ಮುಂದೆ ಹೋಗಿ ನಿಂತರು. ಪಕ್ಕದ ಕಂಪ್ಯೂಟರಿನ ಮುಂದೆ ನಾನಿದ್ದೆ. ಯಾಕೋ ಚೀಟಿ ಕೊಡಲಿಲ್ಲ, ಬಾಯಿ ತೆರೆದರು.

"ಮೇ... ಮೇ..."

ಪರ್ಲ್ ವಿಷಯವೇ ಇರಬೇಕೆಂದು ನಾನು ಅಭ್ಯಾಸಬಲದಿಂದ ನಡುವೆ ಬಾಯಿ ಹಾಕಿದೆ. ಮೇಡಂ ನನ್ನತ್ತ ಕೈ ಅಡ್ಡ ಹಿಡಿದರು.

"ಸುಮ್ನಿರಮ್ಮ. ಅವರು ಹೇಳ್ತಾ ಇದಾರಲ್ಲ."

ಮಾವನ ಕುತ್ತಿಗೆಯ ನರ ಉಬ್ಬಿತು. ಮೇಡಂ ಗಡಿಯಾರ ನೋಡಲಿಲ್ಲ, ನೆಲ ನೋಡಲಿಲ್ಲ, ಮಾವನ ಮುಖವನ್ನೇ ನೋಡುತ್ತಾ ಕೂತರು. ವಾಕ್ಯ ಮುಗಿಯುವವರೆಗೆ ಕಾಯುವುದು ಅವರಿಗೆ ರೂಢಿಯಾಗಿತ್ತು.

"ಮೇಡಂ, ನಿಮ್ಮ ಅರವತ್ತೆರಡು ಸಾಲನ್ನೂ ನಾನು ದಿನಾ ಓದ್ತೀನಿ. ನಿಮಗೆ ಒಪ್ಪಿಗೆ ಇದ್ರೆ, ನಾವಿಬ್ರೂ ಮದುವೆ ಆಗ್ಬೇಕು ಅಂತ ನನಗೆ ಆಸೆ."

ನಾನಿಲ್ಲಿ ಒಂದೇ ಉಸಿರಿಗೆ ಬರೆದುಬಿಟ್ಟೆ, ಮಾವನಿಗೆ ಐದು ನಿಮಿಷ ಹಿಡಿಯಿತು. ಮೊದಲಿನಿಂದ ಕೊನೆಯವರೆಗೆ ಅವರದೇ ಆದ ಅಷ್ಟುದ್ದದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಅವರ ಬಾಯಿಂದ ಏನೇನು ಕಿತ್ತುಕೊಂಡಿದ್ದೆವೋ!

ಅರವತ್ತೆರಡು ಸಾಲಿನ ಮೇಡಂ "ಹೂಂ" ಎಂದರು. ಅಷ್ಟೇ.

ಸಂಜೆ ಮೂವರೂ ದೇವರಾಜ ಮೊಹಲ್ಲಾದ ಹೋಟೆಲಿಗೆ ಹೋದೆವು. ಸಪ್ಲೈಯರ್ ಬಂದು ನಿಂತ. ಮಾವ ಇಡ್ಲಿ ಅನ್ನಲಿಲ್ಲ. "ಮ... ಮ..." ಎಂದು ಶುರುಮಾಡಿದರು. ಮಿಕ್ಕ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಕಚ್ಚಿ ಹಿಡಿದು, ಅವರು ಹೇಳಿ ಮುಗಿಸುವವರೆಗೆ ಕಾದೆ.