ನನ್ನ ವಾಚು, ಗಂಡನ ಕೈ

ಕೈಗಡಿಯಾರದ ಗಾತ್ರದ ವಿಷಯದಲ್ಲಿ ಇಡೀ ಜೆ.ಪಿ. ನಗರದಲ್ಲಿ ಸ್ಪಷ್ಟವಾದ ನಿಲುವು ಇದ್ದವಳು ನಾನೊಬ್ಬಳೇ. ಉಳಿದವರೆಲ್ಲ ಮದುವೆಯಲ್ಲಿ ಬಂದದ್ದನ್ನೋ, ಅಂಗಡಿಯವನು ತೋರಿಸಿದ್ದನ್ನೋ ಕಟ್ಟಿಕೊಂಡು ಓಡಾಡುತ್ತಿದ್ದರು. ನಾನು ಹಾಗಲ್ಲ. ಓದುವ ಕಾಲವಿಡೀ ಚರ್ಚಾಸ್ಪರ್ಧೆಗಳಲ್ಲಿ ಮೇಜು ಗುದ್ದಿದವಳು. ಯಾವುದನ್ನಾದರೂ ಒಪ್ಪಬೇಕಾದರೆ ನನಗೆ ಆಧಾರ ಬೇಕು. ಆಧಾರ ಸಿಕ್ಕರೂ ಒಪ್ಪುವುದಿಲ್ಲ, ಅದು ಬೇರೆ ಮಾತು.

ಒಂದು ರಾತ್ರಿ ಊಟದ ಹೊತ್ತಿನಲ್ಲಿ ಗಂಡ ಚೇತನನ ಮುಂದೆ ನನ್ನ ನಿಲುವನ್ನು ಮಂಡಿಸಿದೆ. "ಹೆಂಗಸರ ಕೈಗೆ ಇಷ್ಟು ಪುಟ್ಟ ವಾಚು ಕಟ್ಟಿದ್ದು ಯಾರು? ಅವರಿಗೆ ಟೈಮ್ ಕಾಣಿಸದಿದ್ರೂ ಪರವಾಗಿಲ್ಲ ಅಂದ್ಕೊಂಡವರು! ಗಂಡಸರಿಗೆ ತಟ್ಟೆಯಂಥ ಡಯಲ್ಲು, ನಮಗೆ ಕಡಲೆಬೇಳೆ. ಇದು ಸಂಚಲ್ಲದೆ ಮತ್ತೇನು?"

"ಸಾರು ಹಾಕ್ಲಾ?" ಎಂದ ಚೇತನ್.

ಎದುರಾಳಿ ವಿಷಯಾಂತರ ಮಾಡಿದರೆ ಗೆದ್ದ ಹಾಗೆಯೇ ಲೆಕ್ಕ. ಮರುದಿನವೇ ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ, ಗಂಡಸರ ಸಾಲಿನಲ್ಲಿದ್ದ ಅತಿ ದೊಡ್ಡ ವಾಚನ್ನು ಕೊಂಡೆ. ಉಕ್ಕಿನ ಪಟ್ಟಿ, ಡಯಲ್ಲಿನೊಳಗೆ ಮತ್ತೆ ಪುಟ್ಟ ಡಯಲ್ಲುಗಳು, ಪಕ್ಕದಲ್ಲಿ ಗುಂಡಿಗಳು. ಅಂಗಡಿಯವರು ಪಟ್ಟಿಯ ಕೊಂಡಿಗಳನ್ನು ಒಂದೊಂದಾಗಿ ತೆಗೆಯುತ್ತ ಹೋದರು. ತೆಗೆದದ್ದೇ ಇನ್ನೊಂದು ವಾಚಿನ ಪಟ್ಟಿಗೆ ಸಾಕಾಗುವಷ್ಟಾಯಿತು. "ಮೇಡಂ, ಇನ್ನು ತೆಗೆಯೋಕೆ ಏನೂ ಇಲ್ಲ" ಎಂದು ಕೈಚೆಲ್ಲಿದರು. ಆದರೂ ವಾಚು ನನ್ನ ಕೈಮೇಲೆ ನಿಲ್ಲದೆ ಜಾರುತ್ತಿತ್ತು. ನನ್ನ ಮಣಿಕಟ್ಟು ಅಷ್ಟು ಸಣ್ಣ. ಬಿದಿರು ಕಡ್ಡಿಗೆ ಇಡ್ಲಿ ತಟ್ಟೆ ಸಿಕ್ಕಿಸಿದ ಹಾಗೆ ಕಾಣುತ್ತಿತ್ತು.

ಮನೆಗೆ ಬಂದಾಗ ಚೇತನ್ ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸಿಂಧು, ನೀನು ವಾಚ್ ಕಟ್ಕೊಂಡಿದ್ದೀಯೋ, ವಾಚು ನಿನ್ನ ಕಟ್ಕೊಂಡಿದ್ಯೋ?"

"ನಿನಗೆ ವಾದ ಇಲ್ಲ, ಅದಕ್ಕೆ ವ್ಯಂಗ್ಯ" ಎಂದು ತೀರ್ಪು ಕೊಟ್ಟೆ. ಬ್ಯಾಗಿನಲ್ಲಿದ್ದ ನನ್ನ ಹಳೆಯ ವಾಚನ್ನು ತೆಗೆದು ಡ್ರಾಯರಿಗೆ ಎಸೆದೆ. ಪಿಯುಸಿ ಪಾಸಾದಾಗ ಅಪ್ಪ ಕೊಡಿಸಿದ ವಾಚು ಅದು. ಚಿನ್ನದ ಬಣ್ಣದ ಅಂಚು, ಬಿಳಿ ಮುಖ, ಒಂದು ರೂಪಾಯಿ ನಾಣ್ಯಕ್ಕಿಂತ ಕೊಂಚ ದೊಡ್ಡದು. ಇತಿಹಾಸ ಅದನ್ನು ಮರೆಯಲಿ ಎಂದುಕೊಂಡೆ.

ಇತಿಹಾಸ ಮರೆಯಲಿಲ್ಲ. ಚಾರ್ಜರ್ ಹುಡುಕುತ್ತಿದ್ದ ಚೇತನನ ಕೈಗೆ ಅದು ಸಿಕ್ಕಿತು.

"ಇದನ್ನ ನಾನು ಹಾಕ್ಕೊಳ್ಲಾ? ನನ್ನದು ಕೆಟ್ಟಿದೆ."

"ಧಾರಾಳವಾಗಿ! ಹೆಂಗಸರು ದೊಡ್ಡದು ಕಟ್ಟೋದಾದ್ರೆ ಗಂಡಸರು ಚಿಕ್ಕದು ಯಾಕೆ ಕಟ್ಟಬಾರದು? ಅದೇ ಸಮಾನತೆ" ಎಂದೆ. ಎಂಥ ಉದಾರ ಮನಸ್ಸು ನನ್ನದು! ಆಗ ನನ್ನ ಬಾಯನ್ನು ಯಾರಾದರೂ ಮುಚ್ಚಬಾರದಿತ್ತೇ?

ಅವನು ಅದಕ್ಕೆ ಕಂದು ಬಣ್ಣದ ಚರ್ಮದ ಪಟ್ಟಿ ಹಾಕಿಸಿಕೊಂಡು ಬಂದ. ಕೈಗೆ ಕಟ್ಟಿದ. ನೋಡಿದೆ. ಇನ್ನೊಂದು ಸಲ ನೋಡಿದೆ. ಅಗಲವಾದ, ಕೂದಲಿರುವ ಅವನ ಮಣಿಕಟ್ಟಿನ ಮೇಲೆ ಆ ಪುಟ್ಟ ವಾಚು ಆಲದ ಮರದ ಬುಡದ ಗುಡಿಯ ಹಾಗೆ ಕೂತಿತ್ತು. ಶಾಂತ. ಗಂಭೀರ. ನನ್ನ ಕೈಯಲ್ಲಿದ್ದಷ್ಟೂ ವರ್ಷ ಅದು ಬರೀ ವಾಚಾಗಿತ್ತು. ಅವನ ಕೈಗೆ ಹೋದದ್ದೇ ಅದಕ್ಕೊಂದು ಕಳೆ ಬಂದುಬಿಟ್ಟಿತು!

ಆಮೇಲೆ ಶುರುವಾಯಿತು ಹೊಗಳಿಕೆ. ಅವನ ಗೆಳೆಯನೊಬ್ಬ ಮನೆಗೆ ಬಂದವನು ನನ್ನ ಕಾಫಿಯನ್ನು ಬಿಟ್ಟು ಅವನ ಕೈ ಹಿಡಿದುಕೊಂಡ. "ಮಗಾ, ಸಖತ್ತಾಗಿದೆ! ಈಗ ಚಿಕ್ಕ ಡಯಲ್ಲೇ ಟ್ರೆಂಡು ಗುರು. ದೊಡ್ಡ ದೊಡ್ಡ ವಾಚು ಕಟ್ಟೋರೆಲ್ಲ ಈಗ ಅಂಕಲ್‌ಗಳು." ಹೇಳಿದ ಮೇಲೆ ಅವನ ಕಣ್ಣು ನನ್ನ ಕೈಮೇಲೆ ಬಿತ್ತು. "ಮೇಡಂ... ಕಾಫಿ ಚೆನ್ನಾಗಿದೆ" ಎಂದ.

ಕೆಳಗಿನ ಮನೆಯ ಆಂಟಿಯೂ ಬಿಡಲಿಲ್ಲ. "ಚೇತನ್, ಎಷ್ಟು ಲಕ್ಷಣವಾಗಿದೆ ಕಣಪ್ಪ! ನಮ್ಮ ತಂದೆಯವರು ಇಂಥದ್ದೇ ಕಟ್ತಿದ್ರು." ನನ್ನ ಕಡೆ ತಿರುಗಿ, "ನಿಂದು ಏನಮ್ಮ ಅದು, ಬಿಪಿ ನೋಡೋದಾ?" ಎಂದರು.

ಹೊಟ್ಟೆಕಿಚ್ಚು ಎಂಬುದು ದುರ್ಬಲ ಮನಸ್ಸಿನವರ ಲಕ್ಷಣ ಎಂದು ನಾನೇ ಒಂದು ಸ್ಪರ್ಧೆಯಲ್ಲಿ ಸಾಧಿಸಿ ತೋರಿಸಿದ್ದೆ. ಆದ್ದರಿಂದ ನನಗೆ ಆದದ್ದು ಹೊಟ್ಟೆಕಿಚ್ಚಲ್ಲ. ಹೊಟ್ಟೆಯೊಳಗೆ ಬೇರೆ ಯಾವುದೋ ಬೆಂಕಿ, ಅಷ್ಟೆ. ಅವನು ಸ್ನಾನಕ್ಕೆ ಹೋದಾಗ ಆ ವಾಚನ್ನು ಎತ್ತಿ ಮುಖ ತಿರುಗಿಸಿ ಇಡುತ್ತಿದ್ದೆ. ಅದು ಕೂಡ ತಾತ್ವಿಕ ಕಾರಣಕ್ಕೆ.

ನನಗೆ ನನ್ನ ವಾಚು ವಾಪಸ್ ಬೇಕಿತ್ತು. ಆದರೆ ಕೇಳಿದರೆ ನನ್ನ ಸಿದ್ಧಾಂತ ಬಿದ್ದುಹೋಗುತ್ತದೆ. ಕೇಳದೆ ಪಡೆಯಬೇಕು. ವಾದದ ದಿಕ್ಕನ್ನೇ ಬದಲಿಸಿದೆ.

"ಚೇತನ್, ಯೋಚನೆ ಮಾಡಿದ್ರೆ ಗಂಡಸರ ಕೈಗೆ ದೊಡ್ಡ ವಾಚೇ ಸರಿ ಅನ್ಸುತ್ತೆ."

"ಯಾಕೆ? ಗಂಡಸರಿಗೆ ತಟ್ಟೆ, ಹೆಂಗಸರಿಗೆ ಕಡಲೆಬೇಳೆ ಅನ್ನೋದು ಸಂಚಲ್ವಾ?"

ನನ್ನದೇ ವಾಕ್ಯ! ಇಷ್ಟು ವರ್ಷದಲ್ಲಿ ಎಷ್ಟೋ ಜನ ಎದುರಾಳಿಗಳನ್ನು ಕಂಡಿದ್ದೇನೆ. ನನ್ನ ವಾದಕ್ಕೆ ನಾನೇ ಉತ್ತರ ಕೊಡಲಾಗದೆ ಒದ್ದಾಡಿದ್ದು ಅದೇ ಮೊದಲು.

ಎರಡನೆಯ ಉಪಾಯವಾಗಿ ಅವನ ಹುಟ್ಟುಹಬ್ಬಕ್ಕೆ ನನ್ನದರಷ್ಟೇ ದೊಡ್ಡ ವಾಚೊಂದನ್ನು ಉಡುಗೊರೆ ಕೊಟ್ಟೆ. ಅದನ್ನು ಕಟ್ಟಿದ ಮೇಲೆ ಇದನ್ನು ಬಿಚ್ಚಲೇಬೇಕಲ್ಲ! ಅವನ ಕಣ್ಣು ತುಂಬಿ ಬಂತು. "ಇಷ್ಟು ಒಳ್ಳೆ ವಾಚನ್ನ ದಿನಾ ಕಟ್ಟಿ ಹಾಳು ಮಾಡಬಾರದು" ಎಂದು ಅದನ್ನು ಬೀರುವಿನಲ್ಲಿ, ರೇಷ್ಮೆ ಪಂಚೆಯ ಕೆಳಗೆ, ಭದ್ರವಾಗಿ ಇಟ್ಟ. ಬೀಗ ಹಾಕಿದ. ಮತ್ತೆ ನನ್ನ ವಾಚನ್ನು ಕಟ್ಟಿಕೊಂಡು ಆಫೀಸಿಗೆ ಹೋದ!

ಇಷ್ಟರಲ್ಲಿ ನಾದಿನಿ ಪಲ್ಲವಿಯ ಸೀಮಂತ ಬಂತು. ಒಂದು ಭಾನುವಾರ, ಬನಶಂಕರಿಯ ಅತ್ತೆಮನೆಯಲ್ಲಿ. ನಾನು ಆ ದಿನಕ್ಕೆಂದೇ ಹೊಲಿಸಿದ ಬ್ಲೌಸು ತೊಟ್ಟಿದ್ದೆ. ಮೊಣಕೈವರೆಗೂ ತೋಳು, ತೋಳಿನ ಅಂಚಿಗೆ ಆರಿ ವರ್ಕು, ಅಂದರೆ ದಾರ, ಮಣಿ, ಜರಿ ಎಲ್ಲ ಕೂಡಿದ ಕುಸುರಿ ಕೆಲಸ. ಮಣಿಕಟ್ಟಿನಲ್ಲಿ ನನ್ನ ಸಿದ್ಧಾಂತ.

ಊಟ ಮುಗಿದ ಮೇಲೆ ಬಳೆ ತೊಡಿಸುವ ಶಾಸ್ತ್ರ. ಪಲ್ಲವಿಗೆ ತೊಡಿಸಿದ ಬಳಿಕ ಬಂದ ಹೆಂಗಸರಿಗೆಲ್ಲ ಹಸಿರು ಗಾಜಿನ ಬಳೆ. ಬಳೆಗಾರ್ತಿ ಆಂಟಿ ನನ್ನ ಎಡಗೈ ಹಿಡಿದು ನಿಂತುಬಿಟ್ಟರು.

"ವಾಚ್ ಬಿಚ್ಚಮ್ಮ. ಇದರ ಮೇಲೆ ಬಳೆ ಹತ್ತಲ್ಲ."

ಬಿಚ್ಚಿಬಿಡುತ್ತಿದ್ದೆನೇನೋ. ಆದರೆ ಅಷ್ಟರಲ್ಲಿ ಎದುರಿಗೆ ಚಾಪೆಯ ಮೇಲೆ ಕೂತಿದ್ದ ಚೇತನ್ ಕೈಚಾಚಿ, "ಇಲ್ಲಿ ಕೊಡು, ನಾನು ಇಟ್ಕೊಂಡಿರ್ತೀನಿ" ಎಂದ. ಚಾಚಿದ ಆ ಕೈಯಲ್ಲಿ ನನ್ನ ಪುಟ್ಟ ವಾಚು ಮಿನುಗುತ್ತಿತ್ತು. ಅವನ ಸೋದರತ್ತೆ, ಅಂದರೆ ಇಡೀ ಮನೆತನಕ್ಕೆ ಯಾವುದು ಚೆಂದ ಯಾವುದು ಅಲ್ಲ ಎಂದು ಹೇಳುವ ಸರೋಜತ್ತೆ, ಪಕ್ಕದಲ್ಲೇ ಕೂತು ಅದನ್ನು ಕಣ್ಣಲ್ಲೇ ಮುದ್ದಾಡುತ್ತಿದ್ದರು. ಒಂದು ವಾಚು ಈಗಾಗಲೇ ಅವನ ಪಾಲಾಗಿದೆ. ಎರಡನೆಯದನ್ನೂ ಕೊಟ್ಟು ನಾನು ಬರಿಗೈಯಲ್ಲಿ ಕೂರಬೇಕೆ?

"ಬಿಚ್ಚಲ್ಲ. ಬಳೆಗೂ ವಾಚಿಗೂ ಯಾಕೆ ವೈರ? ಎರಡೂ ಒಂದೇ ಕೈಯಲ್ಲಿ ಇರಬಾರದು ಅಂತ ಯಾವ ಶಾಸ್ತ್ರದಲ್ಲಿದೆ?" ಎಂದೆ.

"ಶಾಸ್ತ್ರ ಗೊತ್ತಿಲ್ಲಮ್ಮ. ಜಾಗ ಇಲ್ಲ, ಅಷ್ಟೇ" ಎಂದರು ಬಳೆಗಾರ್ತಿ.

ನಾನು ವಾಚನ್ನು ಮೇಲಕ್ಕೆ ತಳ್ಳಿದೆ. ಅದು ಮುಂಗೈ ದಾಟಿತು. ಇನ್ನೂ ತಳ್ಳಿದೆ. ಮೊಣಕೈ ಹತ್ತಿರ ಹೋಗಿ, ಬ್ಲೌಸಿನ ತೋಳಿನೊಳಗೆ ಅರ್ಧ ನುಗ್ಗಿ ನಿಂತಿತು. "ನೋಡಿ, ಜಾಗ ಆಯ್ತು!" ಎಂದು ವಿಜಯದ ನಗೆ ನಕ್ಕೆ. ಬಳೆಗಳು ಝಣಝಣ ಏರಿದವು. ಅವರು ಇನ್ನೊಂದು ಕೈಗೂ ಬಳೆ ತೊಡಿಸಿ ಎದ್ದುಹೋದರು.

ಈಗ ವಾಚನ್ನು ಕೆಳಕ್ಕೆ ಎಳೆದೆ. ವಾಚಿನ ಜೊತೆ ತೋಳೂ ಬಂತು. ತೋಳಿನ ಜೊತೆ ಭುಜವೂ ಬಂತು! ಕುಸುರಿಯ ದಾರಗಳೆಲ್ಲ ಪಟ್ಟಿಯ ಸಂದುಗಳಿಗೆ ಸುತ್ತಿಕೊಂಡು, ವಾಚು ಬ್ಲೌಸು ಎರಡೂ ಒಂದೇ ದೇಹವಾಗಿದ್ದವು.

ಅತ್ತೆ ಬಂದು ಬಗ್ಗಿ ನೋಡಿದರು. "ಏನೇ ಸಿಂಧು ಇದು, ವಾಚನ್ನ ಹೊಲಿಸ್ಕೊಂಡೇ ಬಂದಿದ್ದೀಯಾ?"

"ಕತ್ತರಿ ಇದ್ರೆ ಕೊಡಿ ಅತ್ತೆ."

"ಸೀಮಂತದ ಮನೇಲಿ ಕತ್ತರಿ ಹೆಸರು ಎತ್ತಬೇಡ! ಸುಮ್ನೆ ಕೂತ್ಕೋ."

ಕೂತೆ. ಎಡಗೈ ಮಡಚಲು ಆಗದು, ನೀಡಲು ಆಗದು. ಸಂಚಾರಿ ಪೊಲೀಸರ ಹಾಗೆ ಅರ್ಧ ಎತ್ತಿಕೊಂಡು ಕೂತೆ. ಆಚೆ ಕಡೆ ಸರೋಜತ್ತೆ ಚೇತನನ ಕೈ ಹಿಡಿದು ಬಂದವರಿಗೆಲ್ಲ ತೋರಿಸುತ್ತಿದ್ದರು. "ನೋಡ್ರೇ, ಹಿತಮಿತವಾಗಿ ಎಷ್ಟು ಚೆನ್ನಾಗಿದೆ! ನಮ್ಮ ಹುಡುಗನ ಅಭಿರುಚಿ ಅಂದ್ರೆ ಅಭಿರುಚಿ."

ಅಭಿರುಚಿ! ನಮ್ಮಪ್ಪನ ಅಭಿರುಚಿ ಅದು! ನನ್ನೊಳಗಿನ ಸಿದ್ಧಾಂತ, ಸಮಾನತೆ, ಎಲ್ಲವೂ ಒಟ್ಟಿಗೆ ಕುಸಿದವು.

"ಅದು ನನ್ನ ವಾಚು!" ಎಂದು ಕೂಗಿದೆ. "ನಮ್ಮಪ್ಪ ನನಗೆ ಕೊಡಿಸಿದ್ದು. ನನಗೆ ವಾಪಸ್ ಬೇಕು!"

ಪಲ್ಲವಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ಲಾಡು ಅಲ್ಲೇ ನಿಂತಿತು. ಚೇತನ್ ಪ್ರತಿವಾದ ಮಾಡುತ್ತಾನೆ ಎಂದು ನಾನು ಮನಸ್ಸಿನಲ್ಲೇ ಸಜ್ಜಾಗಿದ್ದೆ. ದಾನ ಕೊಟ್ಟದ್ದಲ್ಲ, ಎರವಲು ಕೊಟ್ಟದ್ದು. ಬಳಸಿದ ಮಾತ್ರಕ್ಕೆ ಒಡೆತನ ಬರುವುದಿಲ್ಲ. ಇನ್ನೂ ಬೇಕಾದಷ್ಟಿತ್ತು ನನ್ನ ಹತ್ತಿರ.

"ಅಷ್ಟೇನಾ? ಮೊದಲೇ ಹೇಳಬಾರದಿತ್ತಾ, ತಗೋ" ಎಂದು ಬಿಚ್ಚಿ ಕೊಟ್ಟುಬಿಟ್ಟ.

ಇಷ್ಟೊಂದು ವಾದಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನಾನೀಗ ಏನು ಮಾಡಲಿ?

"ಚಿನ್ನದಂಥ ಹುಡುಗ" ಎಂದರು ಸರೋಜತ್ತೆ ಸೆರಗಿನಲ್ಲಿ ಕಣ್ಣೊತ್ತಿಕೊಂಡು. "ಹೆಂಡ್ತಿ ಬಾಯಿಬಿಟ್ಟು ಕೇಳಿದ್ಲು ಅಂತ ಕೈಯಲ್ಲಿದ್ದದ್ದನ್ನೇ ಬಿಚ್ಚಿಕೊಟ್ಟ! ಈ ಕಾಲದಲ್ಲಿ ಯಾರು ಕೊಡ್ತಾರೆ?" ನನ್ನ ವಾಚನ್ನು ನನಗೇ ಕೊಟ್ಟು ದಾನಶೂರನಾದವನು ನನ್ನ ಗಂಡ. ಅವನ ಮಣಿಕಟ್ಟಿನಲ್ಲಿ ವಾಚು ಇದ್ದ ಜಾಗ ಮಾತ್ರ ಬೆಳ್ಳಗಿತ್ತು. ಆ ಗುರುತೂ ಅವನಿಗೆ ಒಪ್ಪುತ್ತಿತ್ತು!

ವಾಚನ್ನು ಬಲಗೈಗೆ ಕಟ್ಟಿಕೊಳ್ಳಹೋದೆ. ಮಣಿಕಟ್ಟಿನ ತುಂಬ ಬಳೆ. ಪಟ್ಟಿಯೋ ಚೇತನನ ಅಳತೆಯದು. ಬಳೆಗಳ ಮೇಲೆ, ಮೊಣಕೈ ಹತ್ತಿರವೇ ಅದಕ್ಕೆ ಜಾಗ ಸಿಕ್ಕಿತು. ಎಡ ತೋಳಿನಲ್ಲಿ ದೊಡ್ಡದು, ಬಲ ತೋಳಿನಲ್ಲಿ ಚಿಕ್ಕದು, ಜಾತ್ರೆಗೆ ಹೊರಟ ಎತ್ತಿನ ಹಾಗೆ ಅಲಂಕಾರಗೊಂಡು ಕೂತೆ.

ಅಷ್ಟರಲ್ಲಿ ಅತ್ತೆಗೆ ಗಾಬರಿ. "ರಾಹುಕಾಲ ಬರೋಕೆ ಮುಂಚೆ ಆರತಿ ಆಗಬೇಕು. ಟೈಮ್ ಎಷ್ಟಾಯ್ತು ನೋಡ್ರೇ!"

ಎಲ್ಲರ ಫೋನುಗಳೂ ಪಲ್ಲವಿಯ ಫೋಟೋ ತೆಗೆಯುವುದರಲ್ಲಿ ಮುಳುಗಿದ್ದವು. ಇದೇ ನನ್ನ ಸಮಯ! ಎದ್ದು ನಿಂತೆ. ಎಡ ತೋಳು ನೋಡಿದೆ: ಮೂರೂಕಾಲು. ದಾರದ ಎಳೆತಕ್ಕೆ ಪಕ್ಕದ ತಿರುಪು ಈಚೆಗೆ ಬಂದು, ವಾಚು ಆಗಲೇ ನಿಂತಿತ್ತೋ ಏನೋ. ಬಲ ತೋಳು ನೋಡಿದೆ: ನಾಲ್ಕು. ಅಥವಾ ಅದು ತಲೆಕೆಳಗಾಗಿ ಕಟ್ಟಿದ್ದರಿಂದ ಒಂಬತ್ತೂವರೆಯೂ ಆಗಿರಬಹುದು. ಜೀವನದಲ್ಲಿ ಮೊದಲ ಸಲ ಪರ, ವಿರೋಧ ಎರಡೂ ನನ್ನ ಮೈಮೇಲೆಯೇ ಇದ್ದವು.

"ಅತ್ತೆ, ಅದು... ಒಂದು ದೃಷ್ಟಿಯಿಂದ ನೋಡಿದ್ರೆ..." ಎಂದು ಆರಂಭಿಸಿದೆ.

ಸರೋಜತ್ತೆ ನನ್ನ ಎರಡೂ ತೋಳುಗಳನ್ನು ದಾಟಿ ಆಚೆಗೆ ಕತ್ತು ಚಾಚಿದರು. "ಚೇತೂ, ಟೈಮ್ ಎಷ್ಟಪ್ಪಾ?"

ಚೇತನ್ ತನ್ನ ಬರಿಗೈಯನ್ನು ಒಮ್ಮೆ ನೋಡಿಕೊಂಡ. ಕಿಟಕಿಯ ಬಿಸಿಲನ್ನು ಒಮ್ಮೆ ನೋಡಿದ. "ನಾಲ್ಕು ಆಗಿರ್ಬೇಕು ಅತ್ತೆ. ಇನ್ನೂ ಟೈಮ್ ಇದೆ, ಬನ್ನಿ, ಆರತಿ ಮಾಡಿಬಿಡೋಣ" ಎಂದ.

ಎಲ್ಲರೂ ನಂಬಿ ಆರತಿಗೆ ಹೊರಟರು. ಎರಡು ವಾಚು ಕಟ್ಟಿಕೊಂಡಿದ್ದ ನಾನೂ ಹೊರಟೆ.