ಹೆಜ್ಜೆರಾಯರ ಜೌಗುನೆಲ

ಸುಳ್ಳು ಹೇಳುವವನಿಗೆ ಜ್ಞಾಪಕಶಕ್ತಿ ಚೆನ್ನಾಗಿರಬೇಕು ಅನ್ನುತ್ತಾರೆ. ಹೆಜ್ಜೆರಾಯರಿಗೆ ಅದು ಬೇಕಾದಷ್ಟಿತ್ತು. ಆದರೂ ಅಂದು ಬೆಳಿಗ್ಗೆ ಅಡಿಗೆಮನೆಯಲ್ಲಿ ಬಲಗೆನ್ನೆ ಹಿಡಿದುಕೊಂಡು "ಹಲ್ಲುನೋವು ಕಣೇ, ಡಾಕ್ಟ್ರ ಹತ್ರ ಹೋಗಿ ಬರ್ತೀನಿ" ಎಂದವರು, ಗೇಟು ತೆಗೆಯುವಷ್ಟರಲ್ಲಿ ಎಡಗೆನ್ನೆ ಹಿಡಿದುಕೊಂಡಿದ್ದರು. ದಿಕ್ಕುದೆಸೆ ನೋಡಿಯೇ ಹೊಟ್ಟೆ ಹೊರೆಯುವ ಮನುಷ್ಯನಿಗೆ ತನ್ನ ಮುಖದ ಮೇಲಿನ ಎಡಬಲ ತಪ್ಪಿತ್ತು.

ಹೆಜ್ಜೆರಾಯರು ಅನ್ನುವುದು ಬೀದಿಯವರು ಇಟ್ಟ ಹೆಸರು. ನಕಾಶೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಕಾಶೆ ಬರೆಯುವುದು ಅವರ ಕೆಲಸ. ದಾರಿ ಕೇಳಿದವರಿಗೆ "ಇಲ್ಲೇ ಮುಂದೆ" ಎಂದು ಕೈಬೀಸುವುದು ಅವರ ಜಾಯಮಾನದಲ್ಲೇ ಇರಲಿಲ್ಲ. "ನಲವತ್ತೆರಡು ಹೆಜ್ಜೆ ನೇರ, ಟೈಲರ್ ಅಂಗಡಿ ಹತ್ರ ಬಲಕ್ಕೆ, ಹದಿನೇಳು ಹೆಜ್ಜೆ, ಹಸಿರು ಬಾಗಿಲು" ಎಂದು ಒಪ್ಪಿಸುವರು. ಯಾರಾದರೂ ನಲವತ್ತು ಅಂದುಬಿಟ್ಟರೆ ಊಟದ ತಟ್ಟೆ ಬಿಟ್ಟು ಎದ್ದುಬಂದು "ನಲವತ್ತೆರಡು" ಎಂದು ತಿದ್ದುವರು. ಅಷ್ಟು ಸಾಚಾ ಮನುಷ್ಯ.

ಆ ಸಾಚಾ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ನಕಾಶೆಯಲ್ಲಿ ಕೈಯಾರೆ ಸುಳ್ಳು ಬರೆದಿದ್ದರು. ಹನ್ನೊಂದು ವರ್ಷದ ಹಿಂದೆ ಹಳೆಯ ನಕಾಶೆ ತಾಳೆ ನೋಡಲು ಹೋದಾಗ, ನದಿ ಕಡಲು ಸೇರುವ ಅಳಿವೆಯಲ್ಲಿ ಅವರಿಗೆ ಒಂದು ಮರಳದಂಡೆ ಕಂಡಿತು. ರಸ್ತೆಯಿಲ್ಲ, ಅಂಗಡಿಯಿಲ್ಲ, ಮನುಷ್ಯರ ಸುಳಿವಿಲ್ಲ. ಎದುರುದಂಡೆಯಲ್ಲಿ ಸುಣ್ಣಕಲ್ಲಿನ ಬಿಳಿ ಬಂಡೆಗಳು ಸಾಲಾಗಿ ನಿಂತಿದ್ದವು. ರಾಯರು ಮಧ್ಯಾಹ್ನದಿಂದ ಸಂಜೆಯವರೆಗೆ ಬಾಯಿಬಿಟ್ಟುಕೊಂಡು ಕೂತಿದ್ದರು. ಮರುದಿನ ಕಚೇರಿಯಲ್ಲಿ, ಆ ಜಾಗದ ಮೇಲೆ ಪುಟ್ಟ ಪುಟ್ಟ ಹುಲ್ಲಿನ ಗುರುತು ಹಾಕಿದರು. ನಕಾಶೆಯ ಭಾಷೆಯಲ್ಲಿ ಹಾಗೆಂದರೆ ಜೌಗುನೆಲ, ಕಾಲಿಟ್ಟರೆ ಹೂತುಹೋಗುತ್ತೀರಿ ಎಂದರ್ಥ. ಆಮೇಲೆ ಆ ಕಡೆ ನರಪಿಳ್ಳೆಯೂ ಹಾಯಲಿಲ್ಲ. ವರ್ಷಕ್ಕೊಂದು ದಿನ ರಾಯರು ಮಾತ್ರ ಹಲ್ಲುನೋವೆಂದು ರಜೆ ಹಾಕಿ ಅಲ್ಲಿಗೆ ಹೋಗಿ ಕೂತು ಬರುತ್ತಿದ್ದರು. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಆ ಒಂದು ದಿನದ ಮೇಲೆ ನಡೆಯುತ್ತಿದ್ದವು.

ಈ ಸಲ ಗೇಟಿನ ಆಚೆ ಕಂಪೌಂಡರ್ ನಿಂತಿದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಔಷಧಿ ಬೆರೆಸಿ, ಮೂರು ತಿಂಗಳ ಹಿಂದೆ ನಿವೃತ್ತರಾಗಿ, ರೋಗಿಗಳಿಲ್ಲದೆ ಸೊರಗುತ್ತಿದ್ದ ನೆರೆಮನೆಯವರು.

"ಏನ್ ರಾಯರೇ, ಹಲ್ಲಾ?"

"ಹೂಂ, ಸ್ವಲ್ಪ."

"ಆಗ್ಲೇ ಕಿಟಕೀಲಿ ನೋಡ್ದೆ, ಬಲಗಡೆ ಹಿಡ್ಕೊಂಡಿದ್ರಿ. ಈಗ ಎಡಗಡೆ. ಅಂದ್ರೆ ಹರಡ್ತಿದೆ." ಅವರು ಚಪ್ಪಲಿ ಮೆಟ್ಟಿಯೇ ಬಿಟ್ಟರು. "ಒಬ್ಬರನ್ನೇ ಬಿಡೋದುಂಟಾ? ನಡೀರಿ, ನನಗೆ ಗೊತ್ತಿರೋ ಡಾಕ್ಟ್ರು."

"ಬೇಡ ಕಂಪೌಂಡರ್ರೇ, ನಿಮಗ್ಯಾಕೆ ತೊಂದರೆ..."

"ತೊಂದರೆ ನನ್ನದು, ನೋವು ನಿಮ್ಮದು. ಸುಮ್ನೆ ಬನ್ನಿ."

ನಾಲ್ಕು ಬೀದಿ ದಾಟುವಷ್ಟರಲ್ಲಿ ರಾಯರು ಮೂರು ಸಲ ನುಣುಚಿಕೊಳ್ಳಲು ನೋಡಿದರು. ನೋವು ಕಡಿಮೆಯಾಯಿತು ಎಂದರು. ಅದು ಕೆಟ್ಟ ಲಕ್ಷಣ ಎಂದರು ಕಂಪೌಂಡರ್. ಬಸ್‌ಸ್ಟಾಪಿನ ಹತ್ತಿರ ಬೂಟಿನ ದಾರ ಕಟ್ಟಲು ಬಗ್ಗಿದರು. ಬಗ್ಗಿದರೆ ರಕ್ತ ಹಲ್ಲಿಗೆ ಇಳಿಯುತ್ತದೆಂದು ಕಂಪೌಂಡರೇ ಕೂತು ದಾರ ಕಟ್ಟಿದರು. ಕೊನೆಗೆ ಓಡಿಬಿಡೋಣ ಎಂದುಕೊಂಡರು. ಆದರೆ ತೋಳು ಇವರ ಮೈಗೆ ಸೇರಿದ್ದರೂ ಹಿಡಿತ ಕಂಪೌಂಡರದ್ದಾಗಿತ್ತು.

ಹಲ್ಲಿನ ಡಾಕ್ಟರು ತೆಳ್ಳಗಿನ, ಮೃದುಮಾತಿನ ಮನುಷ್ಯ. ಒಂದೊಂದೇ ಹಲ್ಲನ್ನು ಕಡ್ಡಿಯಿಂದ ತಟ್ಟಿದರು. ಪಕ್ಕದಲ್ಲಿ ನರ್ಸಮ್ಮ ಪುಸ್ತಕ ಹಿಡಿದು ನಿಂತಿದ್ದರು.

"ಇದು ನೋಯತ್ತಾ?"

"ಇಲ್ಲ ಡಾಕ್ಟ್ರೇ."

"ಇದು?"

"ಯಾವುದೂ ನೋಯಲ್ಲ. ನಾನು ಹೊರಡ್ತೀನಿ."

"ಹೆದರ್ಕೊಂಡು ಹಾಗಂತಾರೆ," ಎಂದರು ಕಂಪೌಂಡರ್.

ಡಾಕ್ಟರು ಒಂದು ದವಡೆಹಲ್ಲಿನ ಮೇಲೆ ಕಡ್ಡಿ ನಿಲ್ಲಿಸಿ ವಿಷಾದದಿಂದ ತಲೆಯಾಡಿಸಿದರು. "ಇಷ್ಟು ಜೋರಾಗಿ ತಟ್ಟಿದ್ರೂ ನೋವಿಲ್ಲ ಅಂದ್ರೆ ಬೇರು ಸತ್ತಿದೆ ಅಂತ. ತೆಗೆದುಬಿಡೋಣ."

ನಿಜ ಹೇಳಿದರೆ ಹಲ್ಲು ಉಳಿಯುತ್ತದೆ. ಆದರೆ ಹನ್ನೊಂದು ವರ್ಷ ಎಲ್ಲಿಗೆ ಹೋಗುತ್ತಿದ್ದಿರಿ ಎಂದು ಕಂಪೌಂಡರ್ ಕೇಳುತ್ತಾರೆ, ಸಂಜೆಯೊಳಗೆ ಇಡೀ ಬೀದಿ ಕೇಳುತ್ತದೆ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಒಂದು ಹಲ್ಲು ಹೋದರೆ ಬಾಯಲ್ಲಿ ಇನ್ನೂ ಮೂವತ್ತೊಂದಿವೆ, ಆ ದಂಡೆ ಹೋದರೆ ಬರುವುದಿಲ್ಲ ಎಂದು ರಾಯರು ಲೆಕ್ಕಹಾಕಿದರು. ಕಣ್ಣು ಮುಚ್ಚಿ ಬಾಯಿ ತೆರೆದರು.

"ಭಯಪಡೋರಿಗೆ ಅಂತಲೇ ಮಂಪರಿನ ಗಾಳಿ ತರಿಸಿದ್ದೀನಿ," ಎಂದು ಡಾಕ್ಟರು ಮೂಗಿಗೆ ರಬ್ಬರಿನ ಬಟ್ಟಲು ಇಟ್ಟರು. "ನಿಧಾನಕ್ಕೆ ಉಸಿರೆಳೀರಿ. ನಿಮಗೆ ಇಷ್ಟವಾದ ಜಾಗ ನೆನೆಸ್ಕೊಳ್ಳಿ."

ಕೋಣೆ ಕರಗಿತು. ಕುರ್ಚಿ ದೋಣಿಯಾಗಿ ತೇಲಿತು. ರಾಯರು ಮೋರಿಯ ಸ್ಟಾಪಿನಲ್ಲಿ ಬಸ್ಸಿಳಿದು ನಡೆಯುತ್ತಿದ್ದರು. ಕಾಲಿನಡಿ ಮರಳು ಬೆಚ್ಚಗಿತ್ತು, ಗಾಳಿಗೆ ಉಪ್ಪಿನ ವಾಸನೆಯಿತ್ತು. ಪಕ್ಕದಲ್ಲಿ ಒಂದು ಬಿಳಿಯ ಕೊಕ್ಕರೆ ಜೊತೆಗೆ ಹೆಜ್ಜೆಹಾಕುತ್ತಿತ್ತು. ಅದು ಬಲು ವಿನಯದಿಂದ "ಆಮೇಲೆ?" ಎಂದು ಕೇಳುತ್ತಿತ್ತು. ಕೊಕ್ಕರೆಯ ಹತ್ತಿರ ಮುಚ್ಚಿಡುವುದೇನಿದೆ? ರಾಯರು ಬಂಡೆಗಳ ಬಿಳುಪನ್ನು, ಇಳಿತದಲ್ಲಿ ನೀರು ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ಆಕಾಶವನ್ನು, ಎಲ್ಲವನ್ನೂ ತೋರಿಸಿದರು. ಹನ್ನೊಂದು ವರ್ಷದಲ್ಲಿ ಆ ಸುಖವನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವುದರಲ್ಲಿ ಇಷ್ಟು ಹಿತವಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಎಚ್ಚರವಾದಾಗ ಬಾಯಿತುಂಬ ಹತ್ತಿ. ತಟ್ಟೆಯಲ್ಲಿ ಒಂದು ಆರೋಗ್ಯವಂತ ಹಲ್ಲು. ಡಾಕ್ಟರು, ಕಂಪೌಂಡರು, ನರ್ಸಮ್ಮ ಮೂವರೂ ಇವರನ್ನೇ ನೋಡುತ್ತಿದ್ದರು. ಮೂವರ ಮುಖದಲ್ಲೂ ಒಳ್ಳೆಯ ಸಂಗೀತ ಕೇಳಿ ಎದ್ದವರ ಕಳೆಯಿತ್ತು.

"ಸಂಜೆವರೆಗೆ ಹತ್ತಿ ತೆಗೀಬೇಡಿ, ಮಾತಾಡ್ಬೇಡಿ," ಎಂದರು ಡಾಕ್ಟರು. ಗಡಿಯಾರ ನೋಡಿ, "ನರ್ಸಮ್ಮ, ಇವತ್ತಿಗೆ ಬಾಗಿಲು ಹಾಕ್ಬಿಡೋಣ" ಎಂದೂ ಸೇರಿಸಿದರು.

ಕಂಪೌಂಡರ್ ಮನೆಯವರೆಗೂ ಬರುತ್ತಾರೆಂದು ರಾಯರು ಹೆದರಿದ್ದರು. ಆಶ್ಚರ್ಯವೆಂದರೆ ಅವರು, "ನೀವು ನಿಧಾನಕ್ಕೆ ಹೋಗಿ ರಾಯರೇ, ನನಗೆ ಸ್ವಲ್ಪ ಕೆಲಸವಿದೆ" ಎಂದು ದಾಪುಗಾಲು ಹಾಕುತ್ತ ಹೊರಟೇಹೋದರು. ಹಲ್ಲು ಹೋದರೂ ಅದೃಷ್ಟ ಬಂತು ಎಂದು ರಾಯರು ಹಿಗ್ಗುತ್ತ ಬಸ್ಸು ಹತ್ತಿದರು.

ಮೋರಿಯ ಹತ್ತಿರ ಇಳಿದು ಮುನ್ನೂರ ಹನ್ನೆರಡು ಹೆಜ್ಜೆ. ಮುರಿದ ದೋಣಿಯ ಹತ್ತಿರ ಎಡಕ್ಕೆ. ಮುಳ್ಳುಪೊದೆಯ ಸಂದಿಯಲ್ಲಿ ಬಗ್ಗಿ ಅರವತ್ತು ಹೆಜ್ಜೆ. ತಲೆ ಎತ್ತಿದರೆ ಎಲ್ಲವೂ ಇಟ್ಟಲ್ಲೇ ಇತ್ತು.

ನದಿ ಅವಸರವಿಲ್ಲದೆ ಕಡಲಿನೊಳಗೆ ಹೋಗುತ್ತಿತ್ತು. ಎಲ್ಲಿ ನದಿ ಮುಗಿಯಿತು, ಎಲ್ಲಿ ಕಡಲು ಶುರುವಾಯಿತು ಎಂದು ಗೆರೆ ಎಳೆಯಲು ರಾಯರಿಗೂ ಆಗುತ್ತಿರಲಿಲ್ಲ. ಗೆರೆ ಎಳೆಯಲಾಗದ ಒಂದು ಜಾಗವಾದರೂ ಲೋಕದಲ್ಲಿರುವುದು ಅವರಿಗೆ ಸಮಾಧಾನ ಕೊಡುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಸುಣ್ಣಕಲ್ಲಿನ ಬಂಡೆಗಳು ಹಾಲಿನಂತೆ ಬೆಳ್ಳಗಿದ್ದು, ನೀರಿನಲ್ಲಿ ತಲೆಕೆಳಗಾಗಿ ಮೆಲ್ಲಗೆ ಅಲುಗುತ್ತಿದ್ದವು. ರಾಯರು ಬೂಟು ಬಿಚ್ಚಿ ಮರಳಿನಲ್ಲಿ ಪಾದ ಹೂತು ಕೂತರು. ಬಾಯಿ ಜುಮ್ಮೆನ್ನುತ್ತಿತ್ತು, ಕಣ್ಣು ತೂಗುತ್ತಿತ್ತು. ಒಂದು ಗಂಟೆಯಾಯಿತೋ ಎರಡಾಯಿತೋ, ಅವರೇ ನೀರಾಗಿ ಹರಿಯುತ್ತಿರುವಂತೆ ಅನಿಸಿತು.

"ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಬಗ್ಗಿ, ಬಗ್ಗಿ, ಮುಳ್ಳಿದೆ."

ಕನಸಿನೊಳಗೂ ತಾನೇ ಎಣಿಸುತ್ತಿದ್ದೇನೆ ಎಂದು ರಾಯರು ನಕ್ಕರು. ಆದರೆ ದನಿ ಕಂಪೌಂಡರದು. ತಿರುಗಿ ನೋಡಿದರೆ ಪೊದೆಯಿಂದ ಒಬ್ಬೊಬ್ಬರಾಗಿ ಹೊರಬರುತ್ತಿದ್ದರು: ಕಂಪೌಂಡರ್, ಡಾಕ್ಟರು, ಪುಸ್ತಕ ನೋಡಿಕೊಂಡು ನರ್ಸಮ್ಮ, ಟೈಲರ್ ಸಂಸಾರ, ಚಾಪೆ, ಕೊಡೆ, ಬುತ್ತಿ, ಒಂದು ಚೆಂಡು. ಹಿಂದೆ ರಾಯರ ಹೆಂಡತಿ. ಎಲ್ಲರ ಹಿಂದೆ, ನಕಾಶೆ ಬಿಚ್ಚಿಹಿಡಿದ ಕಚೇರಿಯ ಸಾಹೇಬರು.

"ರಾಯರೇ, ನಿಮ್ಮಂಥ ಮನುಷ್ಯ ಸಿಗೋದಿಲ್ಲ," ಎಂದರು ಕಂಪೌಂಡರ್, ಕಣ್ಣು ಒದ್ದೆಮಾಡಿಕೊಂಡು. "ಮಂಪರಲ್ಲಿದ್ರೂ ಹೆಜ್ಜೆಹೆಜ್ಜೆಗೂ ದಾರಿ ಹೇಳಿದ್ರಿ. ಡಾಕ್ಟ್ರು ಆಮೇಲೆ, ಆಮೇಲೆ ಅಂತ ಕೇಳ್ತಾ ಹೋದ್ರು, ನೀವು ಹೇಳ್ತಾ ಹೋದ್ರಿ. ಕೇಳಿದ್ಮೇಲೆ ಮನೇಲಿ ಕೂರೋಕಾಗತ್ತಾ? ನಿಮ್ಮ ಆಫೀಸಿಗೂ ಫೋನ್ ಮಾಡ್ದೆ. ನಕಾಶೆಯಲ್ಲಿ ತಪ್ಪಿದೆ ಅಂತ ಹೇಳೋದು ನನ್ನ ಧರ್ಮ ಅಲ್ವಾ?"

ಬಿಳಿಯ ಕೋಟು ತೊಟ್ಟ ಡಾಕ್ಟರು ಉದ್ದ ಕತ್ತು ಚಾಚಿ ನಾಚುತ್ತ ನಿಂತಿದ್ದರು. ಕೊಕ್ಕರೆ ಯಾರೆಂದು ರಾಯರಿಗೆ ಆಗ ಹೊಳೆಯಿತು.

ಸಾಹೇಬರು ನಕಾಶೆಯನ್ನೂ ತಮ್ಮ ಕಾಲನ್ನೂ ಒಂದೊಂದು ಸಲ ನೋಡಿದರು. "ಇದರ ಪ್ರಕಾರ ನಾನೀಗ ಸೊಂಟದವರೆಗೆ ಕೆಸರಲ್ಲಿ ಹೂತಿರಬೇಕು," ಎಂದರು. "ನಾಳೆ ಬೆಳಿಗ್ಗೆ ಮೊದಲ ಕೆಲಸ ಇದನ್ನ ತಿದ್ದೋದು. ದಾರಿಯನ್ನ ಕೆಂಪು ಮಸೀಲಿ ದಪ್ಪಗೆ ಎಳೀರಿ. ಎಲ್ರಿಗೂ ಕಾಣ್ಲಿ."

ರಾಯರ ಬಾಯಲ್ಲಿ ಹತ್ತಿಯಿತ್ತು. ತಾನೇ ತೋಡಿದ ಹಳ್ಳಕ್ಕೆ ತಾನೇ ಬೀಳುವುದನ್ನು ಕೇಳಿದ್ದರು. ತಾನೇ ಬರೆದ ಕೆಸರಿನಲ್ಲಿ ಹೂತವರು ಅವರೊಬ್ಬರೇ ಇರಬೇಕು.

ಹೆಂಡತಿ ಬಂಡೆಗಳನ್ನು ನೋಡುತ್ತ ನಿಂತಿದ್ದರು. ಆಮೇಲೆ, "ರೀ, ಹನ್ನೊಂದು ವರ್ಷ ಇದನ್ನ ಒಬ್ಬರೇ ನೋಡಿದ್ರಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ರಾಯರು ತಡೆದುಕೊಳ್ಳುತ್ತಿದ್ದರು. ಅವರಿಗೆ ಬಲು ನಾಚಿಕೆಯಾಯಿತು. ಕೋಟು ಬಿಚ್ಚಿ ಮರಳಿನ ಮೇಲೆ ಹಾಸಿ, ಪಕ್ಕದಲ್ಲಿ ಜಾಗ ಮಾಡಿದರು. ಆಕೆ ಕೂತರು. ಸ್ವಲ್ಪ ಹೊತ್ತು ಎಲ್ಲರೂ ಕೂತು ನೋಡಿದರು, ಚೆಂಡು ತಂದಿದ್ದ ಟೈಲರ್ ಮಕ್ಕಳು ಕೂಡ. ಬಿಸಿಲು ಇಳಿದು ಬಿಳಿಯ ಬಂಡೆಗಳು ಕೇಸರಿಗೆ ತಿರುಗಿದವು.

"ಆ ದಡದಲ್ಲಿ ನೋಡಿ, ಸಾಲಲ್ಲಿ ಒಂದು ಸಂದಿ," ಎಂದರು ಡಾಕ್ಟರು. "ಒಂದು ಕಲ್ಲು ಕಟ್ಟಿಸಿ ತುಂಬಬಹುದು."

"ಇಲ್ಲೊಂದು ಬೆಂಚು ಬೇಕು," ಎಂದರು ಟೈಲರ್.

"ನೆರಳಿಗೆ ತಗಡು, ಪಕ್ಕದಲ್ಲಿ ಒಂದು ಪ್ರಥಮ ಚಿಕಿತ್ಸೆಯ ಗೂಡು," ಎಂದರು ಕಂಪೌಂಡರ್. "ನಾನೇ ಕೂರ್ತೀನಿ."

ರಾಯರು ಕಣ್ಣು ಮುಚ್ಚಿಕೊಂಡರು. ಅವರ ಹತ್ತಿರ ಇನ್ನೊಂದು ಉಳಿದಿತ್ತು. ಅದೇ ನಕಾಶೆಯಲ್ಲಿ, ನದಿಯ ಮೇಲ್ಗಡೆ, ಅವರು ಹುಲ್ಲಿನ ಗುರುತು ಹಾಕಿದ ಎರಡನೆಯ ಜಾಗ: ಸುಣ್ಣಕಲ್ಲಿನ ಗುಡ್ಡದೊಳಗೆ ಒಂದು ಗವಿ, ಗವಿಯೊಳಗೆ ತಿಳಿನೀಲಿ ಕೊಳ. ಹನ್ನೊಂದು ವರ್ಷದ ಹಿಂದೆ ಒಮ್ಮೆ ನೋಡಿ, ನಿವೃತ್ತಿಗೆಂದು ಎತ್ತಿಟ್ಟಿದ್ದರು. ಇವರು ಇಲ್ಲಿ ಬೆಂಚು ಹಾಕಿಕೊಳ್ಳಲಿ. ಬರುವ ವರ್ಷ ಅಲ್ಲಿಗೆ ಹೋಗುವುದು, ಹೆಂಡತಿಯನ್ನು ಕರೆದುಕೊಂಡೇ ಹೋಗುವುದು. ಅವರ ಮನಸ್ಸು ಮತ್ತೆ ಮೆಲ್ಲಗೆ ತೇಲಿತು.

ನರ್ಸಮ್ಮ ಪುಸ್ತಕ ಹಿಡಿದು ಪಕ್ಕಕ್ಕೆ ಬಂದರು.

"ಸಾರ್, ಬರೋ ಭಾನುವಾರ ಎಲ್ರೂ ನಿಮ್ಮ ಆ ಗವಿಗೆ ಹೋಗೋದು ಅಂತ ಆಗಿದೆ. ದಾರಿಯೆಲ್ಲ ಬರ್ಕೊಂಡಿದ್ದೀನಿ, ಕೊನೇದೊಂದು ಸಂಶಯ. ನೀವು ಹೇಳೋವಾಗ ಡಾಕ್ಟ್ರು ಇಕ್ಕಳ ಹಾಕಿದ್ರು, ಲೆಕ್ಕ ಕೇಳಿಸ್ಲಿಲ್ಲ. ಗವಿ ಬಾಯಿಂದ ಕೊಳಕ್ಕೆ ನೂರು ಹೆಜ್ಜೆ ಅಂತ ಅಂದಾಜಿಗೆ ಬರ್ದಿದ್ದೀನಿ. ಸರಿ ತಾನೇ?"

ರಾಯರು ಕಡಲು ನೋಡಿದರು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಗವಿಯ ಕತ್ತಲಲ್ಲಿ ನೂರು ಹೆಜ್ಜೆಗೆ ಕೊಳ ಕಾಣದೆ ಎಲ್ಲರೂ ಹಿಂದಿರುಗುತ್ತಿದ್ದರು. ಹಲ್ಲು ಕಚ್ಚಿ ತಡೆದುಕೊಳ್ಳೋಣವೆಂದರೆ ಕಚ್ಚಬೇಕಾದ ಹಲ್ಲು ಆಸ್ಪತ್ರೆಯ ತಟ್ಟೆಯಲ್ಲಿತ್ತು. ಅರ್ಧ ನಿಮಿಷ ಕೂತರು, ಒಂದು ನಿಮಿಷ ಕೂತರು.

ಆಮೇಲೆ ಬಾಯಿಂದ ಹತ್ತಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನೂರ ಹದಿನಾಲ್ಕು," ಎಂದರು.